ಸಂಜೆ ಆರಕ್ಕೆ ಹೊರಡುತ್ತೇನೆ ಎಂದು ಮ್ಯಾನೇಜರ್ ಹತ್ತಿರ ಹೇಗೆ ಕೇಳಿದಿರಿ?

ಸಂಜೆದೀಪ · ಭಾನುವಾರ ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಸಾಫ್ಟ್‌ವೇರ್ ಸಪೋರ್ಟ್ ತಂಡದಲ್ಲಿ ಐದು ವರ್ಷದಿಂದ ಇದ್ದೇನೆ. ಸೇರುವಾಗ ಕೊಟ್ಟ ಪತ್ರದಲ್ಲಿ ಒಂಬತ್ತರಿಂದ ಆರು ಎಂದಿದೆ. ಏಳೂವರೆಗಿಂತ ಮೊದಲು ಕುರ್ಚಿ ಬಿಟ್ಟು ಎದ್ದ ದಿನ ನನಗೆ ನೆನಪಿಲ್ಲ. ಮನೆಗೆ ಬಂದ ಮೇಲೆ ಗ್ರೂಪ್‌ನಲ್ಲಿ ಮೆಸೇಜು, ಅದಕ್ಕೆ ಉತ್ತರ ಕೊಡದಿದ್ದರೆ ಕರೆ. ಹನ್ನೊಂದರ ತನಕ ಇದೇ.

ಇಷ್ಟು ವರ್ಷ ಹೇಗೋ ನಡೆಯಿತು. ಈ ವರ್ಷ ಅಪ್ಪನಿಗೆ ಪಾರ್ಶ್ವವಾಯು ಆಯಿತು, ಎಡಗೈ ಇನ್ನೂ ಸರಿಯಾಗಿಲ್ಲ. ಸಂಜೆ ಏಳಕ್ಕೆ ಮಾಡಿಸಬೇಕಾದ ವ್ಯಾಯಾಮ ನಾನು ಬರುವ ಹೊತ್ತಿಗೆ ಎಂಟೂವರೆ ಆಗುತ್ತದೆ. ಒಂದು ಮೆತ್ತನೆಯ ರಬ್ಬರ್ ಚೆಂಡು, ಇಪ್ಪತ್ತು ಸಲ ಹಿಸುಕಬೇಕು. ನಾನು ಎಣಿಸುತ್ತೇನೆ, ಅಪ್ಪ ಹಿಸುಕುತ್ತಾರೆ. ಹೋದ ಗುರುವಾರ ಹದಿನಾಲ್ಕಕ್ಕೆ ಬಂದಾಗ ಫೋನ್ ಗುಂಯ್ ಎಂದಿತು. ಅಪ್ಪ ಚೆಂಡನ್ನು ತೊಡೆಯ ಮೇಲೆ ಇಟ್ಟು "ಮೊದಲು ಅದನ್ನು ನೋಡು" ಎಂದರು. ನೋಡಿದೆ. ಮರುದಿನದ ಮೀಟಿಂಗ್‌ನ ಒಂದು ಸ್ಲೈಡ್‌ನಲ್ಲಿ ಬಣ್ಣ ಬದಲಿಸಬೇಕಂತೆ. ಮುಗಿಸಿ ಲ್ಯಾಪ್‌ಟಾಪ್ ಮುಚ್ಚಿ ತಿರುಗಿದರೆ ಅಪ್ಪ ನಿದ್ದೆ ಹೋಗಿದ್ದರು. ಚೆಂಡು ಉರುಳಿ ಮಂಚದ ಕೆಳಗೆ ಸೇರಿತ್ತು.

ಮುಂದಿನ ವಾರ ಬುಧವಾರ ನನ್ನ ಅಪ್ರೈಸಲ್, ಅಂದರೆ ಕೆಲಸದ ಮೌಲ್ಯಮಾಪನ ಇದೆ. ಎರಡು ವಿಷಯ ಕೇಳಬೇಕು ಅಂತಿದ್ದೇನೆ. ವಾರಕ್ಕೆ ಮೂರು ದಿನ ಆರಕ್ಕೇ ಹೊರಡುವುದು. ರಾತ್ರಿ ಎಂಟರ ಮೇಲೆ ತೀರಾ ತುರ್ತಿದ್ದರೆ ಮಾತ್ರ ಕರೆ. ಸಂಬಳ ಜಾಸ್ತಿ ಮಾಡಿ ಅಂತ ಕೇಳುವುದೂ ಅದೇ ದಿನ. ಎರಡನ್ನೂ ಒಟ್ಟಿಗೆ ಕೇಳಿದರೆ ತಪ್ಪಾ? ಕೆಲಸಗಳ್ಳತನ ಅಂತ ತಿಳಿದುಕೊಂಡರೆ? ಕೇಳಿ ಅನುಭವ ಇರುವವರು ಹೇಳಿ.

ನೀಲಿಛತ್ರಿ · ಭಾನುವಾರ ರಾತ್ರಿ 11:34

ಅಪ್ಪ ಬೇಗ ಹುಷಾರಾಗಲಿ. ಆದರೆ ಕೇಳುವುದು ಯಾಕೆ? ಪತ್ರದಲ್ಲಿ ಆರು ಎಂದಿದ್ದರೆ ಆರಕ್ಕೆ ಬ್ಯಾಗ್ ಎತ್ತಿಕೊಂಡು ಹೊರಡಿ. ನಿಮ್ಮದೇ ಸಮಯವನ್ನು ನೀವೇ ಹೋಗಿ ಬೇಡುವುದು ನನಗಂತೂ ಸರಿ ಕಾಣುವುದಿಲ್ಲ.

ಅವಳಿಅಮ್ಮ · ಭಾನುವಾರ ರಾತ್ರಿ 11:41

ನೀಲಿಛತ್ರಿ, ಅದು ಹೇಳಿದಷ್ಟು ಸುಲಭ ಅಲ್ಲ. ನಾನು ಹಾಗೇ ಒಂದು ತಿಂಗಳು ಸುಮ್ನೆ ಎದ್ದು ಬಂದೆ. ಯಾರೂ ಏನೂ ಅನ್ನಲಿಲ್ಲ. ಆಮೇಲೆ ನೋಡಿದರೆ ಒಳ್ಳೆಯ ಕೆಲಸವೆಲ್ಲ ಪಕ್ಕದ ಟೇಬಲ್‌ಗೆ ಹೋಗುತ್ತಿತ್ತು. ನಾವು ಬಾಯಿ ಬಿಟ್ಟು ಹೇಳದಿದ್ದರೆ ಅವರಿಗೆ ತೋಚಿದ ಕಾರಣವನ್ನು ಅವರು ಕಟ್ಟಿಕೊಳ್ಳುತ್ತಾರೆ. "ಇವಳಿಗೆ ಮೊದಲಿನ ಆಸಕ್ತಿ ಇಲ್ಲ" ಅಂತ. ಮನೆಯಲ್ಲಿ ಒಂದೂವರೆ ವರ್ಷದ ಅವಳಿ ಮಕ್ಕಳಿದ್ದಾರೆ ಎಂದು ನಾನು ಮ್ಯಾನೇಜರ್‌ಗೆ ಹೇಳಿಯೇ ಇರಲಿಲ್ಲ. ಹೇಳಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ, ಆದರೆ ಹೇಳದೇ ಇದ್ದದ್ದರಿಂದ ಏನಾಯಿತು ಎಂದು ಗೊತ್ತು.

ಹಳೇಪೆನ್ನು · ಸೋಮವಾರ ಬೆಳಗ್ಗೆ 6:15

ಇಪ್ಪತ್ತೆರಡು ವರ್ಷ ಸಿಬ್ಬಂದಿ ವಿಭಾಗದಲ್ಲಿ, ಅಂದರೆ ಎಚ್‌ಆರ್‌ನಲ್ಲಿದ್ದೆ, ಈಗ ನಿವೃತ್ತಿಯಾಗಿದೆ. ಇಂಥ ಮಾತುಕತೆಗಳನ್ನು ಮೇಜಿನ ಆಚೆ ಬದಿ ಕೂತು ನೂರಾರು ಕೇಳಿದ್ದೇನೆ.

ಬಹಳ ಜನ ಬಂದು ಹೇಳುತ್ತಿದ್ದದ್ದು ಒಂದೇ ಮಾತು. "ಸರ್, ತುಂಬಾ ಒತ್ತಡ ಆಗ್ತಿದೆ, ಏನಾದರೂ ನೋಡಿ." ನಾನು "ಆಯ್ತು, ನೋಡೋಣ" ಎನ್ನುತ್ತಿದ್ದೆ. ಮನಸ್ಸಿನಲ್ಲಿ ಮೋಸ ಇರಲಿಲ್ಲ. ಆದರೆ ಏನು ನೋಡಬೇಕು ಅಂತ ಅವರೂ ಹೇಳಲಿಲ್ಲ, ನನಗೂ ಗೊತ್ತಾಗಲಿಲ್ಲ. ಎರಡು ವಾರದಲ್ಲಿ ಆ ಮಾತು ಮರೆತು ಹೋಗುತ್ತಿತ್ತು.

ಒಬ್ಬಾಕೆ ಮಾತ್ರ ಬೇರೆ ಥರ ಕೇಳಿದರು. "ಮಂಗಳವಾರ, ಗುರುವಾರ ಐದೂವರೆಗೆ ಹೊರಡಬೇಕು. ಆ ಎರಡು ದಿನ ಬೆಳಗ್ಗೆ ಎಂಟಕ್ಕೇ ಬರುತ್ತೇನೆ. ನಾನು ಹೋದ ಮೇಲೆ ಬರುವ ದೂರಿನ ಟಿಕೆಟ್‌ಗಳನ್ನು ನೋಡಿಕೊಳ್ಳಲು ಸಹೋದ್ಯೋಗಿ ಒಪ್ಪಿದ್ದಾರೆ, ಬದಲಿಗೆ ಅವರ ಶುಕ್ರವಾರದ ಸಂಜೆ ನನ್ನದು. ಎಂಟು ವಾರ ಮಾಡಿ ನೋಡೋಣ, ಸರಿಹೋಗದಿದ್ದರೆ ಮತ್ತೆ ಕೂತು ಮಾತಾಡೋಣ." ಬೇಡ ಎನ್ನಲು ನನ್ನ ಹತ್ತಿರ ಕಾರಣವೇ ಉಳಿಯಲಿಲ್ಲ. ಎಂಟು ವಾರ ಆದ ಮೇಲೆ ಅದನ್ನು ಮತ್ತೆ ಎತ್ತಿದವರೂ ಯಾರೂ ಇಲ್ಲ. ಆಕೆ ಕೆಲಸ ಬಿಡುವ ತನಕ ಹಾಗೇ ನಡೆಯಿತು.

ಸಂಜೆದೀಪ ಅವರೇ, ನೀವು ದಿನ, ಗಂಟೆ ಎರಡನ್ನೂ ಸ್ಪಷ್ಟವಾಗಿ ಇಟ್ಟುಕೊಂಡಿದ್ದೀರಿ, ಒಳ್ಳೆಯದು. ಆದರೆ "ತೀರಾ ತುರ್ತು" ಯಾವುದು ಅಂತ ತೀರ್ಮಾನ ಮಾಡುವವರು ಯಾರು? ಅದನ್ನು ಬಿಟ್ಟರೆ ಸ್ಲೈಡಿನ ಬಣ್ಣವೂ ತುರ್ತೇ ಆಗುತ್ತದೆ. ಇವತ್ತಿನಿಂದಲೇ ಒಂದು ಪುಸ್ತಕದಲ್ಲಿ ಬರೆದಿಡಿ. ಎಷ್ಟು ಗಂಟೆಗೆ ಕರೆ ಬಂತು, ಯಾತಕ್ಕೆ ಬಂತು. ಅಪ್ರೈಸಲ್‌ಗೆ ಹೋಗುವಾಗ ಅದು ಕೈಯಲ್ಲಿ ಇರಲಿ.

ಲೆಕ್ಕದಹಾಳೆ · ಸೋಮವಾರ ಬೆಳಗ್ಗೆ 8:02

ಸಂಬಳ ಮತ್ತು ಸಮಯ ಒಟ್ಟಿಗೆ ಕೇಳಬೇಡಿ. ನಾನು ಕೇಳಿ ಕೈ ಸುಟ್ಟುಕೊಂಡಿದ್ದೇನೆ. "ಸಮಯ ಕೊಟ್ಟಿದ್ದೇವಲ್ಲ, ಸಂಬಳ ಮುಂದಿನ ವರ್ಷ ನೋಡೋಣ" ಎಂದರು. ಆರು ತಿಂಗಳಾದ ಮೇಲೆ ಹೊಸ ಮ್ಯಾನೇಜರ್ ಬಂದರು, ಸಮಯವೂ ಹೋಯಿತು.

ಹಳೇಪೆನ್ನು · ಸೋಮವಾರ ಬೆಳಗ್ಗೆ 8:20

ಲೆಕ್ಕದಹಾಳೆ ಹೇಳಿದ್ದು ಅರ್ಧ ಸರಿ. ಒಟ್ಟಿಗೆ ಕೇಳಿದರೆ ಒಂದನ್ನು ಕೊಟ್ಟು ಇನ್ನೊಂದನ್ನು ಮುಚ್ಚಿಹಾಕಲು ದಾರಿಯಾಗುತ್ತದೆ, ನಿಜ. ಆದರೆ ನಿಮ್ಮ ಸಮಯ ಹೋಗಲು ಕಾರಣ ಅದಲ್ಲ, ಕಾಗದದಲ್ಲಿ ಇಲ್ಲದೇ ಇದ್ದದ್ದು. ಬಾಯಿ ಮಾತಿನ ಒಪ್ಪಂದ ಮ್ಯಾನೇಜರ್ ಜೊತೆಗೇ ಎದ್ದು ಹೋಗುತ್ತದೆ.

ಎರಡನೇಶಿಫ್ಟ್ · ಸೋಮವಾರ ಮಧ್ಯಾಹ್ನ 1:10

ಎಲ್ಲ ಓದಿದೆ. ಒಂದು ಮಾತು ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಇದೆಲ್ಲ ಲ್ಯಾಪ್‌ಟಾಪ್ ಇರುವವರ ಮಾತು. ನಾನು ಮೆಷಿನ್ ಮುಂದೆ ನಿಲ್ಲುವವನು. ನನಗೆ ರಾತ್ರಿ ಕರೆ ಬರುವುದಿಲ್ಲ, ನಿಜ. ಆದರೆ ಮುಂದಿನ ವಾರ ಯಾವ ಶಿಫ್ಟ್ ಎಂದು ಶನಿವಾರ ಸಂಜೆ ಗೊತ್ತಾಗುತ್ತದೆ. ಮಗಳ ಶಾಲೆಯ ಕಾರ್ಯಕ್ರಮ ಗುರುವಾರ ಎಂದರೆ ನಾನು ಬರುತ್ತೇನೆ ಅಂತ ಮಾತು ಕೊಡಲು ಆಗುವುದಿಲ್ಲ. ಅವಳು ಈಗ ಕೇಳುವುದನ್ನೇ ಬಿಟ್ಟಿದ್ದಾಳೆ. ಗಂಟೆ ಎಷ್ಟು ಅನ್ನುವುದಕ್ಕಿಂತ ಯಾವ ಗಂಟೆ ಎಂದು ಮುಂಚೆ ಗೊತ್ತಾಗುವುದೇ ನಮಗೆ ದೊಡ್ಡದು. ನಾನೊಬ್ಬನೇ ಹೋಗಿ ಸೂಪರ್‌ವೈಸರ್ ಹತ್ತಿರ "ಎಂಟು ವಾರ ಮಾಡಿ ನೋಡೋಣ" ಎಂದರೆ ನನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ.

ಬಿಳಿಕೋಟು · ಸೋಮವಾರ ಮಧ್ಯಾಹ್ನ 2:45

ಎರಡನೇಶಿಫ್ಟ್ ಅಣ್ಣ, ನೂರಕ್ಕೆ ನೂರು ಸರಿ. ನಾನು ನರ್ಸ್. ನಮ್ಮ ವಾರ್ಡ್‌ನಲ್ಲಿ ಹನ್ನೊಂದು ಜನ ಸೇರಿ ಕೇಳಿದೆವು. ಒಬ್ಬೊಬ್ಬರಾಗಿ ಕೇಳಿದಾಗ ಎರಡು ವರ್ಷ ಆಗದೇ ಇದ್ದದ್ದು ಒಂದೇ ಪತ್ರದಲ್ಲಿ ಆಯಿತು. ಕೇಳಿದ್ದು ಒಂದೇ ಒಂದು. ರೋಸ್ಟರ್, ಅಂದರೆ ಯಾರಿಗೆ ಯಾವ ಶಿಫ್ಟ್ ಎನ್ನುವ ಪಟ್ಟಿ, ನಾಲ್ಕು ವಾರ ಮುಂಚೆ ಗೋಡೆಗೆ ಅಂಟಿಸಬೇಕು, ಆಮೇಲೆ ಬದಲಿಸುವುದಾದರೆ ನಮ್ಮನ್ನು ಕೇಳಬೇಕು. ಶಿಫ್ಟ್ ಕಡಿಮೆ ಮಾಡಿ ಅಂತ ಕೇಳಲೇ ಇಲ್ಲ. ನಾವೇ ನಮ್ಮನಮ್ಮಲ್ಲಿ ಅದಲುಬದಲು ಮಾಡಿಕೊಳ್ಳುವುದಕ್ಕೂ ಅವಕಾಶ ಕೇಳಿದೆವು. ಈಗ ಯಾರಿಗಾದರೂ ಹುಷಾರಿಲ್ಲ ಎಂದರೆ ಮೇಲ್ವಿಚಾರಕರು ಫೋನ್ ಮಾಡುತ್ತಾ ಕೂರಬೇಕಾಗಿಲ್ಲ, ನಾವೇ ಸರಿಮಾಡಿಕೊಳ್ಳುತ್ತೇವೆ. ಅವರಿಗೂ ಅದು ಹಗುರ ಆಯಿತು.

ಮುಂಜಾವು · ಸೋಮವಾರ ಸಂಜೆ 6:30

ನನ್ನ ಅಭಿಪ್ರಾಯ ಬೇರೆ. ಕೆಲಸಕ್ಕೆ ಸೇರಿದ ಮೊದಲ ಏಳೆಂಟು ವರ್ಷ ಗಂಟೆ ನೋಡಬಾರದು. ನಾನು ವಾರಕ್ಕೆ ಅರವತ್ತು, ಅರವತ್ತೈದು ಗಂಟೆ ಕೆಲಸ ಮಾಡಿದ್ದೇನೆ. ಅದರಿಂದಲೇ ಕಲಿತೆ, ಬೇಗ ಮೇಲೆ ಬಂದೆ. ಯಾರೂ ಒತ್ತಾಯ ಮಾಡಿರಲಿಲ್ಲ, ನನಗೆ ಕೆಲಸ ಇಷ್ಟ. ಸಂಜೆದೀಪ ಅವರ ಕಷ್ಟ ನಿಜ, ಅವರು ಖಂಡಿತ ಕೇಳಬೇಕು. ಆದರೆ ಎಲ್ಲರೂ ಆರಕ್ಕೆ ಎದ್ದರೆ ಕೆಲಸ ಕಲಿಯುವುದು ಯಾವಾಗ?

ಚಕ್ರವಾಕ · ಸೋಮವಾರ ಸಂಜೆ 7:05

ಮುಂಜಾವು, ಅರವತ್ತೈದು ಗಂಟೆಯಲ್ಲಿ ಕಲಿತಿರಿ, ಒಪ್ಪುತ್ತೇನೆ. ಅಷ್ಟೂ ಗಂಟೆ ಕಲಿತಿರಿ ಅಂದರೆ ಒಪ್ಪುವುದು ಕಷ್ಟ. ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ 2014ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್‌ನ ಮದ್ದುಗುಂಡು ಕಾರ್ಖಾನೆಗಳಲ್ಲಿ ಬರೆದಿಟ್ಟಿದ್ದ ಲೆಕ್ಕಗಳನ್ನು ತೆಗೆದು ನೋಡಿದ್ದು. ವಾರಕ್ಕೆ ಸುಮಾರು ಐವತ್ತು ಗಂಟೆಯ ತನಕ ದುಡಿದಷ್ಟೂ ಮಾಲು ಬರುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಗಂಟೆಯ ಫಲ ಇಳಿಯುತ್ತಾ ಹೋಯಿತು. ಎಪ್ಪತ್ತು ಗಂಟೆ ದುಡಿದಾಗ ಆದ ಕೆಲಸಕ್ಕೂ ಐವತ್ತಾರು ಗಂಟೆ ದುಡಿದಾಗ ಆದ ಕೆಲಸಕ್ಕೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಅಂದರೆ ಹದಿನಾಲ್ಕು ಗಂಟೆ ಹೆಚ್ಚುಕಡಿಮೆ ಹಾಗೇ ಹೋಯಿತು. ಯುದ್ಧದ ಹೊತ್ತು, ಜನ ಮೈಗಳ್ಳತನ ಮಾಡುವ ಕಾಲವೂ ಅಲ್ಲ ಅದು.

ಮುಂಜಾವು · ಸೋಮವಾರ ಸಂಜೆ 7:20

ಮದ್ದುಗುಂಡು ತಯಾರಿಸುವುದೂ ಕೋಡ್ ಬರೆಯುವುದೂ ಒಂದೇನಾ?

ಚಕ್ರವಾಕ · ಸೋಮವಾರ ಸಂಜೆ 7:26

ಒಂದೇ ಅಲ್ಲ. ನನಗನ್ನಿಸುವುದು, ತಲೆಯ ಕೆಲಸಕ್ಕೆ ದಣಿವು ಇನ್ನೂ ಬೇಗ ಬರುತ್ತದೆ. ರಾತ್ರಿ ಹತ್ತಕ್ಕೆ ಬರೆದ ಕೋಡನ್ನು ಬೆಳಗ್ಗೆ ಹತ್ತಕ್ಕೆ ಎಷ್ಟು ಸಲ ಅಳಿಸಿದ್ದೀರಿ, ನೀವೇ ನೆನಪು ಮಾಡಿಕೊಳ್ಳಿ.

ಬಿಳಿಕೋಟು · ಸೋಮವಾರ ರಾತ್ರಿ 9:50

ಆರೋಗ್ಯದ ಮಾತೂ ಇದೆ ಮುಂಜಾವು ಅವರೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರಲ್ಲಿ ಒಂದು ಅಂದಾಜು ಪ್ರಕಟಿಸಿದವು. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು 35 ಶೇಕಡಾ ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17 ಶೇಕಡಾ ಹೆಚ್ಚು. 2016ರ ಒಂದೇ ವರ್ಷದಲ್ಲಿ ದೀರ್ಘ ದುಡಿಮೆಯಿಂದ 7,45,000 ಸಾವು ಎಂದು ಅವರ ಲೆಕ್ಕ. ಸಂಜೆದೀಪ ಅವರ ಅಪ್ಪನ ಸುದ್ದಿ ಓದಿದ ಮೇಲೆ ಇದನ್ನು ಬರೆಯಲು ಮನಸ್ಸಾಗಲಿಲ್ಲ, ಆದರೂ ಬರೆದೆ. ನಾನು ದಿನಾ ಇಂಥ ರೋಗಿಗಳನ್ನು ನೋಡುತ್ತೇನೆ. ಕೈ ಎತ್ತಲಾಗದಿದ್ದರೂ ಆಫೀಸಿಗೆ ಫೋನ್ ಮಾಡಿಕೊಡಿ ಎಂದು ಕೇಳುವವರು ಇದ್ದಾರೆ.

ಸಂಜೆದೀಪ · ಸೋಮವಾರ ರಾತ್ರಿ 10:30

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನೂ ವರ್ಷಗಟ್ಟಲೆ ಎರಡು ಕಡೆ ದುಡಿದವರು, ಬಿಳಿಕೋಟು ಅಕ್ಕ. ನೀವು ಬರೆದದ್ದು ಒಳ್ಳೆಯದೇ ಆಯಿತು.

ಪುಸ್ತಕ ಶುರು ಮಾಡಿದೆ. ಮೊದಲ ದಿನ: 8:12, 8:40, 9:25, 9:31. ನಾಲ್ಕೂ ನಾಳೆ ಬೆಳಗ್ಗೆ ಹೇಳಬಹುದಾಗಿದ್ದ ವಿಷಯ.

ಅಡ್ಡದಾರಿ · ಸೋಮವಾರ ರಾತ್ರಿ 11:15

ಇಷ್ಟೆಲ್ಲ ಯಾಕೆ, ಕಾನೂನು ಬರಬೇಕು. ಫ್ರಾನ್ಸ್‌ನಲ್ಲಿ ಆರರ ಮೇಲೆ ಇಮೇಲ್ ಕಳಿಸುವ ಹಾಗೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಬಾಸ್ ರಾತ್ರಿ ಫೋನ್ ಮಾಡಿದರೆ ದಂಡ. ಅಂಥದ್ದು ಎಲ್ಲ ಕಡೆ ಬಂದರೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಕಾಯಿದೆಪುಸ್ತಕ · ಮಂಗಳವಾರ ಬೆಳಗ್ಗೆ 7:40

ಅಡ್ಡದಾರಿ, ಈ ಎರಡೂ ತಪ್ಪು. ಬಹಳ ಜನ ಹೀಗೇ ನಂಬಿದ್ದಾರೆ, ಅದಕ್ಕೆ ಬಿಡಿಸಿ ಬರೆಯುತ್ತೇನೆ.

ಫ್ರಾನ್ಸ್‌ನ ಕಾನೂನು 2017ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಲ್ಲಿ ಆರು ಗಂಟೆ ಅಂತ ಎಲ್ಲೂ ಇಲ್ಲ. ಐವತ್ತು ಅಥವಾ ಹೆಚ್ಚು ನೌಕರರಿರುವ ಕಂಪನಿಗಳು ಕೆಲಸದ ಹೊತ್ತು ಮುಗಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರ ಪ್ರತಿನಿಧಿಗಳ ಜೊತೆ ಮಾತುಕತೆ ಮಾಡಬೇಕು. ಒಪ್ಪಂದ ಆಗದಿದ್ದರೆ ಕಂಪನಿಯೇ ಒಂದು ನಿಯಮಪತ್ರ ಬರೆದುಕೊಳ್ಳಬೇಕು. ಅಂದರೆ ಕಾನೂನೇ "ಕೂತು ಮಾತಾಡಿ" ಎನ್ನುತ್ತದೆ.

ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್ 26ರಿಂದ ಬಂದಿದೆ. ಹದಿನೈದಕ್ಕಿಂತ ಕಡಿಮೆ ಜನ ಇರುವ ಸಣ್ಣ ಸಂಸ್ಥೆಗಳಿಗೆ ಒಂದು ವರ್ಷ ತಡವಾಗಿ. ಅಲ್ಲೂ ಬಾಸ್ ಫೋನ್ ಮಾಡುವುದು ಅಪರಾಧ ಅಲ್ಲ. ಎತ್ತದೇ ಇರುವ ಹಕ್ಕು ನೌಕರನಿಗೆ ಇದೆ, ಆ ನಿರಾಕರಣೆ ನ್ಯಾಯವಲ್ಲದ್ದು ಆಗಿರಬಾರದು ಅಷ್ಟೇ. ಕರೆಯ ಕಾರಣ ಏನು, ಹೆಚ್ಚಿನ ಹೊತ್ತಿಗೆ ಹಣ ಕೊಡುತ್ತಾರಾ, ಅವನ ಹುದ್ದೆ ಎಂಥದ್ದು, ಮನೆಯಲ್ಲಿ ಯಾರನ್ನು ನೋಡಿಕೊಳ್ಳಬೇಕು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಜಗಳ ಬಂದರೆ ಮೊದಲು ಕಂಪನಿಯ ಒಳಗೇ ಬಗೆಹರಿಸಿಕೊಳ್ಳಲು ನೋಡಬೇಕು, ಆಗದಿದ್ದರೆ ಕೆಲಸದ ವ್ಯಾಜ್ಯಗಳನ್ನು ನೋಡುವ ಅಲ್ಲಿನ ಆಯೋಗಕ್ಕೆ ಹೋಗಬಹುದು.

ಅಡ್ಡದಾರಿ ಹೇಳಿದ್ದಕ್ಕೆ ಹತ್ತಿರ ಇರುವುದು ಪೋರ್ಚುಗಲ್. 2021ರ ಕೊನೆಗೆ ಅಲ್ಲಿ ಬಂದ ಕಾನೂನು ವಿಶ್ರಾಂತಿಯ ಹೊತ್ತಿನಲ್ಲಿ ನೌಕರನನ್ನು ಸಂಪರ್ಕಿಸದೇ ಇರುವ ಹೊಣೆಯನ್ನು ಮಾಲೀಕನ ಮೇಲೇ ಹಾಕಿತು, ತಪ್ಪಿಸಲಾಗದ ಸಂದರ್ಭ ಬಿಟ್ಟು.

ಅಡ್ಡದಾರಿ · ಮಂಗಳವಾರ ಬೆಳಗ್ಗೆ 8:10

ತಿದ್ದಿದ್ದಕ್ಕೆ ಧನ್ಯವಾದ. ಎಲ್ಲೋ ಓದಿದ್ದನ್ನು ಹಾಗೇ ನಂಬಿದ್ದೆ. ಆದರೂ ನನ್ನ ಮಾತು ಅಲ್ಲೇ ಇದೆ. ಎತ್ತದೇ ಇರುವ ಹಕ್ಕು ಕಾಗದದಲ್ಲಿ ಇದ್ದರೆ ಎರಡನೇಶಿಫ್ಟ್ ಥರದವರಿಗೆ, ಸಂಜೆದೀಪ ಥರದವರಿಗೆ ಮಾತಾಡಲು ಬೆನ್ನಿಗೆ ಒಂದು ಗೋಡೆ ಸಿಗುತ್ತದೆ.

ಕಾಯಿದೆಪುಸ್ತಕ · ಮಂಗಳವಾರ ಬೆಳಗ್ಗೆ 8:25

ಅದು ನಿಜ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 6ರಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೊತ್ತು ಬದಲಿಸಿ ಎಂದು ಅರ್ಜಿ ಹಾಕಬಹುದು, ವರ್ಷಕ್ಕೆ ಎರಡು ಸಲ. ಮಾಲೀಕರು ಎರಡು ತಿಂಗಳ ಒಳಗೆ ಉತ್ತರ ಕೊಡಬೇಕು, ಇಲ್ಲ ಎನ್ನುವ ಮೊದಲು ಕರೆದು ಮಾತಾಡಬೇಕು. ಕೇಳುವ ಹಕ್ಕು ಅದು, ಸಿಗುವ ಹಕ್ಕಲ್ಲ. ಆದರೆ ಕೇಳಿದವನನ್ನು ಸೋಮಾರಿ ಎಂದು ನೋಡುವುದು ಅಲ್ಲಿಗೆ ಕಡಿಮೆಯಾಗುತ್ತದೆ, ಕೇಳುವುದೇ ನಿಯಮ ಆದಾಗ.

ಸಣ್ಣಕಂಪನಿ · ಮಂಗಳವಾರ ಮಧ್ಯಾಹ್ನ 12:30

ಇಲ್ಲಿ ಮಾಲೀಕರ ಕಡೆಯಿಂದ ಯಾರೂ ಬರೆದಿಲ್ಲ, ಅದಕ್ಕೆ ನಾನು ಬರೆಯುತ್ತೇನೆ. ನನ್ನ ಹತ್ತಿರ ಒಂಬತ್ತು ಜನ ಕೆಲಸ ಮಾಡುತ್ತಾರೆ. ಒಬ್ಬರು ಬೇಗ ಹೊರಟರೆ ಉಳಿದ ಎಂಟು ಜನರ ಮೇಲೆ ಅದು ಬೀಳುತ್ತದೆ, ಇಲ್ಲವೇ ನನ್ನ ಮೇಲೆ. ಗ್ರಾಹಕ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ನಾಳೆಯೇ ಬೇಕು" ಎಂದರೆ ಇಲ್ಲ ಎನ್ನುವ ಶಕ್ತಿ ನನಗೆ ಇಲ್ಲ. ಅವನು ಬೇರೆ ಕಡೆ ಹೋಗುತ್ತಾನೆ. ಆಗ ಸಂಬಳ ಎಲ್ಲಿಂದ ಕೊಡುವುದು? ದೊಡ್ಡ ಕಂಪನಿಗಳನ್ನು ನೋಡಿಕೊಂಡು ನಮ್ಮನ್ನೂ ಬೈಯುತ್ತಾರೆ. ನನಗೂ ಮನೆ ಇದೆ. ನನ್ನ ಊಟದ ಹೊತ್ತಿಗೂ ಫೋನ್ ಮೇಜಿನ ಮೇಲೇ ಇರುತ್ತದೆ.

ಅವಳಿಅಮ್ಮ · ಮಂಗಳವಾರ ಮಧ್ಯಾಹ್ನ 1:05

ನಿಮ್ಮ ಕಷ್ಟ ಅರ್ಥ ಆಗುತ್ತದೆ. ಆದರೆ ಗ್ರಾಹಕನಿಗೆ ಇಲ್ಲ ಎನ್ನಲಾಗದ ಭಯವನ್ನು ನೀವು ನೌಕರರಿಗೆ ದಾಟಿಸುತ್ತಿದ್ದೀರಿ, ಅಲ್ವಾ? ಅವರು ಅದನ್ನು ಮನೆಗೆ ದಾಟಿಸುತ್ತಾರೆ. ಕೊನೆಗೆ ಅದು ಮಕ್ಕಳ ತನಕ ಬರುತ್ತದೆ.

ನೀಲಿಛತ್ರಿ · ಮಂಗಳವಾರ ಮಧ್ಯಾಹ್ನ 1:20

ರಾತ್ರಿ ಒಂಬತ್ತರ ಕೆಲಸಕ್ಕೆ ಗ್ರಾಹಕನಿಂದ ಜಾಸ್ತಿ ಹಣ ತೆಗೆದುಕೊಳ್ಳುತ್ತೀರಾ? ತೆಗೆದುಕೊಂಡರೆ ಅದರಲ್ಲಿ ನೌಕರನ ಪಾಲು ಎಷ್ಟು? ಬೇಸರಕ್ಕೆ ಕೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ಸಣ್ಣಕಂಪನಿ · ಮಂಗಳವಾರ ಮಧ್ಯಾಹ್ನ 3:40

ನೀಲಿಛತ್ರಿ, ಇಲ್ಲ. ತೆಗೆದುಕೊಂಡಿಲ್ಲ. ಕೇಳಬೇಕು ಅಂತ ಇವತ್ತಿನ ತನಕ ಹೊಳೆದಿರಲಿಲ್ಲ.

ಅವಳಿಅಮ್ಮ, ನಿಮ್ಮ ಮಾತು ಚುಚ್ಚಿತು. ಆದರೆ ಪೂರ್ತಿ ಒಪ್ಪುವುದಿಲ್ಲ. ನನ್ನ ಹತ್ತಿರ ಬಂದು "ಮೂರು ದಿನ ಆರಕ್ಕೆ ಹೊರಡುತ್ತೇನೆ, ನನ್ನ ಕೆಲಸ ಹೀಗೆ ನಡೆಯುತ್ತದೆ" ಎಂದು ವಿವರವಾಗಿ ಯಾರೂ ಹೇಳಿಲ್ಲ. ಹೇಳಿದ್ದರೆ ಕೊಡುತ್ತಿದ್ದೆ. ಒಬ್ಬ ಒಳ್ಳೆಯ ಹುಡುಗ ಹೋದ ವರ್ಷ ನೇರವಾಗಿ ರಾಜೀನಾಮೆ ಕೊಟ್ಟ. ಕೊನೆಯ ದಿನ ಕೇಳಿದಾಗ ತಾಯಿಯನ್ನು ಸಂಜೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು ಎಂದ. ವಾರಕ್ಕೆ ಮೂರು ಸಂಜೆ. ಅಷ್ಟಕ್ಕೆ ಅವನನ್ನು ಕಳೆದುಕೊಂಡೆ. ಅವನ ಜಾಗಕ್ಕೆ ಬಂದವರು ಕೆಲಸ ಕಲಿಯಲು ಐದು ತಿಂಗಳು ಬೇಕಾಯಿತು.

ಹಳೇಪೆನ್ನು · ಮಂಗಳವಾರ ಸಂಜೆ 5:00

ಸಣ್ಣಕಂಪನಿ ಅವರೇ, ಅವನು ಯಾಕೆ ಹೇಳಲಿಲ್ಲ ಎಂದು ಯೋಚಿಸಿ. ಕೇಳಿದರೆ ಕೊಡುತ್ತಾರೆ ಎಂದು ಅವನಿಗೆ ಯಾವತ್ತಾದರೂ ಕಂಡಿತ್ತಾ? ಎಚ್‌ಆರ್‌ನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಬಾಗಿಲು ತೆರೆದಿದೆ ಎಂದು ಹೇಳಿ ಒಳಗೆ ಕೂರುತ್ತಿದ್ದೆ, ಯಾರೂ ಬರುತ್ತಿರಲಿಲ್ಲ. ಮೂರು ತಿಂಗಳಿಗೊಮ್ಮೆ ನಾನೇ ಹೋಗಿ "ಹೊತ್ತಿನ ವಿಷಯದಲ್ಲಿ ಏನು ಬದಲಾಗಬೇಕು" ಎಂದು ಕೇಳಲು ಶುರು ಮಾಡಿದ ಮೇಲೆ ಜನ ಬಾಯಿ ಬಿಟ್ಟರು. ಕೊನೆಯ ದಿನ ಕೇಳುವ ಪ್ರಶ್ನೆಯನ್ನು ಮಧ್ಯದಲ್ಲೇ ಕೇಳಬೇಕು.

ಲೆಕ್ಕದಹಾಳೆ · ಮಂಗಳವಾರ ರಾತ್ರಿ 8:45

ನಾಲ್ಕು ದಿನದ ವಾರದ ಬಗ್ಗೆ ಯಾರೂ ಮಾತಾಡಿಲ್ಲವಲ್ಲ. ಐಸ್‌ಲ್ಯಾಂಡ್‌ನಲ್ಲಿ ಇಡೀ ದೇಶ ನಾಲ್ಕು ದಿನ ಕೆಲಸ ಮಾಡುತ್ತದಂತೆ.

ಚಕ್ರವಾಕ · ಮಂಗಳವಾರ ರಾತ್ರಿ 9:10

ಇಲ್ಲ, ಅದೂ ಹಬ್ಬಿರುವ ತಪ್ಪು ಸುದ್ದಿ. ಐಸ್‌ಲ್ಯಾಂಡ್‌ನಲ್ಲಿ 2015ರಿಂದ 2019ರ ತನಕ ನಡೆದ ಪ್ರಯೋಗದಲ್ಲಿ ಸುಮಾರು 2,500 ಜನ ಇದ್ದರು. ವಾರಕ್ಕೆ 40 ಗಂಟೆ ಇದ್ದದ್ದು 35, 36ಕ್ಕೆ ಇಳಿಯಿತು, ಸಂಬಳ ಕಡಿಮೆ ಮಾಡದೆ. ದಿನ ಐದೇ. ಆಮೇಲೆ ಯೂನಿಯನ್‌ಗಳು ಅದನ್ನು ಹಿಡಿದುಕೊಂಡು ಮಾತುಕತೆ ಮಾಡಿ ಬಹಳ ನೌಕರರಿಗೆ ಕೊಡಿಸಿದವು. ನಾಲ್ಕು ದಿನದ ದೊಡ್ಡ ಪ್ರಯೋಗ ಬ್ರಿಟನ್‌ನದು, 2022ರಲ್ಲಿ ಆರು ತಿಂಗಳು, 61 ಕಂಪನಿ, ಸುಮಾರು 2,900 ನೌಕರರು. ಮುಗಿದಾಗ 56 ಕಂಪನಿಗಳು ಮುಂದುವರಿಸುತ್ತೇವೆ ಎಂದವು.

ಮುಂಜಾವು · ಮಂಗಳವಾರ ರಾತ್ರಿ 9:30

ಅವು ತಾವಾಗಿಯೇ ಮುಂದೆ ಬಂದ ಕಂಪನಿಗಳು. ಮನಸ್ಸಿದ್ದವರು ಮಾಡಿದರು, ಸರಿಹೋಯಿತು. ಮನಸ್ಸಿಲ್ಲದ ಕಡೆ ಏನಾಗುತ್ತದೆ ಎಂದು ಅದರಿಂದ ಗೊತ್ತಾಗುವುದಿಲ್ಲ.

ಚಕ್ರವಾಕ · ಮಂಗಳವಾರ ರಾತ್ರಿ 9:38

ಈ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಸರಿಯಾಗಿ ಹೇಳಿದಿರಿ.

ಅಡ್ಡದಾರಿ · ಮಂಗಳವಾರ ರಾತ್ರಿ 10:00

ವಾರಕ್ಕೆ ಎರಡು ದಿನ ರಜೆ ಕೊಟ್ಟವರು ಹೆನ್ರಿ ಫೋರ್ಡ್ ಅಲ್ವಾ? ಅಂದರೆ ಮಾಲೀಕರೇ ಬುದ್ಧಿವಂತರಾದರೆ ಸಾಕು.

ಎರಡನೇಶಿಫ್ಟ್ · ಮಂಗಳವಾರ ರಾತ್ರಿ 11:50

ಶಿಫ್ಟ್ ಮುಗಿಸಿ ಬಂದು ಬರೆಯುತ್ತಿದ್ದೇನೆ. ಫೋರ್ಡ್ ತನ್ನ ಕಾರ್ಖಾನೆಗಳಲ್ಲಿ ಐದು ದಿನದ ವಾರ ಮಾಡಿದ್ದು 1926ರಲ್ಲಿ, ನಿಜ. ಆದರೆ ಅದಕ್ಕೆ ಎಷ್ಟೋ ಮೊದಲೇ ಕಾರ್ಮಿಕರು ಬೀದಿಗೆ ಇಳಿದಿದ್ದರು. 1856ರಲ್ಲಿ ಮೆಲ್ಬರ್ನ್‌ನ ಕಲ್ಲುಕುಟಿಕರು ಕೆಲಸ ನಿಲ್ಲಿಸಿ ಮೆರವಣಿಗೆ ಹೊರಟು ದಿನಕ್ಕೆ ಎಂಟು ಗಂಟೆ ಗೆದ್ದರು. 1886ರ ಮೇ 1ಕ್ಕೆ ಅಮೆರಿಕದಲ್ಲಿ ಲಕ್ಷಾಂತರ ಜನ ಮುಷ್ಕರ ಹೂಡಿದ್ದೂ ಎಂಟು ಗಂಟೆಗೇ. ಎಂಟು ಗಂಟೆ ಕೆಲಸ, ಎಂಟು ಗಂಟೆ ನಮ್ಮದು, ಎಂಟು ಗಂಟೆ ನಿದ್ದೆ. 1919ರಲ್ಲಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮಾಡಿದ ಮೊಟ್ಟಮೊದಲ ಒಪ್ಪಂದವೇ ಕಾರ್ಖಾನೆಗಳಲ್ಲಿ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು. ನಮ್ಮ ಯೂನಿಯನ್‌ನ ಹಿರಿಯರು ಇದನ್ನೆಲ್ಲ ಹೇಳಿಕೊಟ್ಟಿದ್ದಾರೆ. ಕೇಳಿದವರ ಹೆಸರು ಮರೆತು ಕೊಟ್ಟವರ ಹೆಸರು ಮಾತ್ರ ಉಳಿದರೆ ಬೇಜಾರಾಗುತ್ತದೆ.

ಬಿಳಿಕೋಟು · ಬುಧವಾರ ಬೆಳಗ್ಗೆ 6:05

ಅಣ್ಣ, ಚೆನ್ನಾಗಿ ಬರೆದಿರಿ. ಯುರೋಪಿಯನ್ ಒಕ್ಕೂಟದ ನಿಯಮದಲ್ಲಿ ಒಂದು ದಿನದ ಕೆಲಸಕ್ಕೂ ಇನ್ನೊಂದು ದಿನದ ಕೆಲಸಕ್ಕೂ ನಡುವೆ ಎಡೆಬಿಡದೆ 11 ಗಂಟೆ ವಿಶ್ರಾಂತಿ ಇರಬೇಕು ಎಂದಿದೆ. ನಾವು ಮುಂದಿನ ಪತ್ರದಲ್ಲಿ ಅದನ್ನೇ ಕೇಳುತ್ತೇವೆ. ನೀವೂ ರೋಸ್ಟರ್ ವಿಷಯ ಯೂನಿಯನ್‌ನಲ್ಲಿ ಎತ್ತಿ. ಸಂಬಳದ ಪಟ್ಟಿಯ ಕೆಳಗೆ ಅಲ್ಲ, ಮೊದಲನೇ ಸಾಲಿನಲ್ಲಿ.

ಎರಡನೇಶಿಫ್ಟ್ · ಬುಧವಾರ ಬೆಳಗ್ಗೆ 9:00

ಭಾನುವಾರ ಸಭೆ ಇದೆ. ಎತ್ತುತ್ತೇನೆ.

ಸಂಜೆದೀಪ · ಮುಂದಿನ ವಾರ, ಗುರುವಾರ ರಾತ್ರಿ 9:15

ನಿನ್ನೆ ಅಪ್ರೈಸಲ್ ಆಯಿತು. ಹೇಗೆ ನಡೆಯಿತು ಎಂದು ಪೂರ್ತಿ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಬಹುದು.

ಸಂಬಳದ ಮಾತು ಮೊದಲು ಮುಗಿಸಿದೆ. ಆಮೇಲೆ "ಇನ್ನೊಂದು ಬೇರೆ ವಿಷಯ ಇದೆ, ಅದಕ್ಕೆ ಹತ್ತು ನಿಮಿಷ ಬೇಕು" ಎಂದು ಪುಸ್ತಕ ತೆಗೆದೆ. ಒಂಬತ್ತು ದಿನದಲ್ಲಿ ರಾತ್ರಿ ಎಂಟರ ಮೇಲೆ 23 ಸಲ ಕರೆ ಅಥವಾ ಮೆಸೇಜು ಬಂದಿತ್ತು. ಅದರಲ್ಲಿ ಆ ರಾತ್ರಿಯೇ ಮಾಡಬೇಕಾಗಿದ್ದದ್ದು ಮೂರು. ಮ್ಯಾನೇಜರ್ ಪುಸ್ತಕ ತೆಗೆದುಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಸುಮಾರು ಹೊತ್ತು ಮಾತಾಡಲಿಲ್ಲ. "ಇದರಲ್ಲಿ ಹನ್ನೊಂದು ನಾನೇ ಕಳಿಸಿದ್ದು" ಎಂದರು. ಅವರಿಗೆ ಮರೆತುಹೋಗುತ್ತದೆ ಎಂದು ನೆನಪಾದ ಕೂಡಲೇ ಕಳಿಸುತ್ತಾರಂತೆ, ತಕ್ಷಣ ಉತ್ತರ ಬೇಕು ಅಂತ ಅಲ್ಲವಂತೆ. ಐದು ವರ್ಷ ನಾನು ಊಟ ಬಿಟ್ಟು ಉತ್ತರ ಕೊಟ್ಟಿದ್ದೇನೆ! ಅವರು ಕೇಳಿದ್ದೂ ಇಲ್ಲ, ನಾನು ಹೇಳಿದ್ದೂ ಇಲ್ಲ.

ಮಂಗಳ, ಬುಧ, ಗುರು ಆರಕ್ಕೆ ಹೊರಡಲು ಒಪ್ಪಿದರು. ಸೋಮವಾರ ಮತ್ತು ಶುಕ್ರವಾರದ ಸಂಜೆ ನಾನು ನೋಡಿಕೊಳ್ಳುತ್ತೇನೆ, ಈ ಮೂರು ದಿನ ಇನ್ನೊಬ್ಬರು. ಆರು ವಾರದ ಪ್ರಯೋಗ. ಎಂಟರ ಮೇಲೆ ಗ್ರಾಹಕರ ಸಿಸ್ಟಮ್ ಪೂರ್ತಿ ನಿಂತರೆ ಮಾತ್ರ ಕರೆ, ಉಳಿದದ್ದೆಲ್ಲ ಬೆಳಗ್ಗೆ ಒಂಬತ್ತಕ್ಕೆ ಬರುವಂತೆ ಟೈಮ್ ಹಾಕಿ ಕಳಿಸುತ್ತಾರೆ. ಒಂದಕ್ಕೆ ಒಪ್ಪಲಿಲ್ಲ. ತಿಂಗಳ ಕೊನೆಯ ವಾರ ಇದು ನಡೆಯುವುದಿಲ್ಲ ಎಂದರು. ನಾನು ಆ ವಾರದ ಹೆಚ್ಚಿನ ಗಂಟೆಗಳಿಗೆ ಬದಲಿ ರಜೆ ಕೇಳಿದೆ. "ವಿಚಾರ ಮಾಡುತ್ತೇನೆ" ಎಂದಿದ್ದಾರೆ, ಅದು ಇನ್ನೂ ಬಾಕಿ ಇದೆ.

ಬರೆದು ಕೊಡಿ ಎಂದಾಗ "ಅದೆಲ್ಲ ಯಾಕೆ" ಎಂದರು. ಹಳೇಪೆನ್ನು ಸರ್ ಹೇಳಿದ್ದು ನೆನಪಿತ್ತು. ಸಂಜೆ ನಾನೇ "ಇವತ್ತು ನಾವು ಮಾತಾಡಿಕೊಂಡದ್ದು ಇಷ್ಟು" ಎಂದು ಇಮೇಲ್ ಹಾಕಿದೆ. "ಸರಿ" ಎಂದು ಉತ್ತರ ಬಂತು.

ಇವತ್ತು ಗುರುವಾರ. ಏಳಕ್ಕೆ ಶುರು ಮಾಡಿದೆವು. ಇಪ್ಪತ್ತೂ ಮುಗಿಯಿತು.

ಅವಳಿಅಮ್ಮ · ಗುರುವಾರ ರಾತ್ರಿ 9:22

ಓದಿ ಕಣ್ಣು ತುಂಬಿ ಬಂತು.

ಹಳೇಪೆನ್ನು · ಗುರುವಾರ ರಾತ್ರಿ 9:40

ತುಂಬಾ ಸಂತೋಷ. ಆ "ಸರಿ" ಎನ್ನುವ ಇಮೇಲ್ ಅಳಿಸಬೇಡಿ. ನಾಲ್ಕನೇ ವಾರದಲ್ಲಿ ಒಮ್ಮೆ ನೀವೇ ಹೋಗಿ ಹೇಗೆ ನಡೆಯುತ್ತಿದೆ ಎಂದು ಕೇಳಿ, ಆರು ವಾರ ಆಗುವ ತನಕ ಕಾಯಬೇಡಿ. ಬದಲಿ ರಜೆಯ ಮಾತನ್ನೂ ಅವತ್ತೇ ಮತ್ತೆ ಎತ್ತಿ.

ಮುಂಜಾವು · ಗುರುವಾರ ರಾತ್ರಿ 10:05

ಒಳ್ಳೆಯದಾಯಿತು. ನನ್ನ ಕೆಳಗೆ ನಾಲ್ಕು ಜನ ಇದ್ದಾರೆ. ರಾತ್ರಿ ನೆನಪಾದಾಗ ನಾನೂ ಹೀಗೇ ಕಳಿಸುತ್ತೇನೆ. ಅವರು ಎಲ್ಲಿ, ಏನು ಬಿಟ್ಟು ಉತ್ತರ ಕೊಡುತ್ತಾರೆ ಎಂದು ಯೋಚಿಸಿರಲಿಲ್ಲ. ನಾಳೆ ಕೇಳುತ್ತೇನೆ.

ಸಣ್ಣಕಂಪನಿ · ಗುರುವಾರ ರಾತ್ರಿ 10:30

ಸಂಜೆದೀಪ ಅವರೇ, ಆ ಪುಸ್ತಕದಲ್ಲಿ ಕಾಲಂಗಳನ್ನು ಹೇಗೆ ಹಾಕಿದ್ದಿರಿ? ನಮ್ಮ ಒಂಬತ್ತು ಜನರಿಗೂ ಎರಡು ವಾರ ಬರೆಯಿರಿ ಎಂದು ಹೇಳಬೇಕು ಅಂತಿದ್ದೇನೆ. ನಾನೂ ಬರೆಯುತ್ತೇನೆ, ಗ್ರಾಹಕರ ಕರೆಗಳನ್ನು.

ಸಂಜೆದೀಪ · ಗುರುವಾರ ರಾತ್ರಿ 10:41

ನಾಲ್ಕೇ ಕಾಲಂ. ಗಂಟೆ. ಯಾರು. ಏನು ಕೇಳಿದರು. ಬೆಳಗ್ಗೆ ಒಂಬತ್ತಕ್ಕೆ ಹೇಳಿದ್ದರೆ ನಡೆಯುತ್ತಿತ್ತಾ, ಹೌದು ಅಥವಾ ಇಲ್ಲ. ಕೊನೆಯದನ್ನು ಆ ಹೊತ್ತಿಗೆ ಬರೆಯಬೇಡಿ, ಸಿಟ್ಟಿನಲ್ಲಿ ಎಲ್ಲಕ್ಕೂ ಹೌದು ಎಂದೇ ಬರೆಯುತ್ತೇವೆ. ಮರುದಿನ ಬೆಳಗ್ಗೆ ತುಂಬಿಸಿ.